ನನ್ನ ಸ್ಕ್ರೂ ಜ್ಯಾಕ್ ತಿಂದ ಮೀಸಲು ಟಗರಿನವರಿಗೆ

ಶ್ರೀ ಮೀಸಲು ಟಗರಿನವರ ಸನ್ನಿಧಾನಕ್ಕೆ,
ಮಂದೆಯ ಮುಂದಾಳುಗಳು, ಬೇವಿನ ಮರದ ಬುಡ,
ನಮ್ಮ ಹಟ್ಟಿ, ಹಿರಿಯೂರು ತಾಲ್ಲೂಕು.
೧೯೭೪ರ ಬೇಸಿಗೆ ರಜೆ.

ಮಾನ್ಯರೇ,

ತಮ್ಮ ಎರಡು ಸುರುಳಿ ಕೊಂಬುಗಳಿಗೂ, ಸೋಮವಾರಕ್ಕೊಮ್ಮೆ ನಮ್ಮ ಅಜ್ಜಿ ಚಿತ್ತಮ್ಮ ಅವುಗಳಿಗೆ ಬಳಿಯುವ ಅರಿಶಿನಕ್ಕೂ, ತಮ್ಮ ಕೊರಳ ಗಂಟೆಗೂ, ಆ ಗಂಟೆಯ ಸದ್ದೊಂದನ್ನೇ ಶಾಸ್ತ್ರವೆಂದು ನಂಬಿ ಬೆನ್ನಿಗೇ ನಡೆಯುವ ತಮ್ಮ ಅಸಂಖ್ಯಾತ ಅನುಯಾಯಿಗಳಿಗೂ ಈ ಬಡ ವಿದ್ಯಾರ್ಥಿಯ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ, ಏಕೆಂದರೆ ತಾವು ಈಗ ನನ್ನ ಕಣ್ಣೆದುರಿಗೇ ಬೇವಿನ ನೆರಳಿನಲ್ಲಿ ಮಲಗಿ, ಯಾವ ಪರೀಕ್ಷೆಯೂ ಇಲ್ಲದವರ ನೆಮ್ಮದಿಯಿಂದ ಮೆಲುಕು ಹಾಕುತ್ತಿದ್ದೀರಿ. ಎದುರಿಗೇ ಇರುವವರಿಗೆ ಪತ್ರವೇಕೆ ಎಂದು ತಾವು ಕೇಳಬಹುದು. ಬಾಯಿಬಿಟ್ಟು ಬೈದರೆ ಅಜ್ಜಿ ನನಗೆ ಮುದ್ದೆ ಇಕ್ಕುವುದಿಲ್ಲ. ಬರೆದು ಬೈದರೆ ಅವಳಿಗೆ ಓದಲು ಬರುವುದಿಲ್ಲ. ಆದ್ದರಿಂದ ಈ ಬಹಿರಂಗ ಪತ್ರ.

ನನ್ನ ದೂರು ಇಷ್ಟೇ. ನಾನು ಇಂಜಿನಿಯರೂ ಆಗಬೇಕು, ಗಣೆ ಊದುವುದನ್ನೂ ಬಿಡಬಾರದು ಎಂದು ಹಟ ಹಿಡಿದು ಮೂರು ವರ್ಷ ದುರ್ಗದ ಕಾಲೇಜಿನಲ್ಲಿ ಎರಡು ದೋಣಿಯ ಮೇಲೆ ಎರಡು ಕಾಲಿಟ್ಟು ನಿಂತಿದ್ದೆ. ಬೀಳದೆ ನಿಂತಿದ್ದೆ, ಅದನ್ನು ದಯವಿಟ್ಟು ಗಮನಿಸಬೇಕು. ಪ್ರಿನ್ಸಿಪಾಲರು ಒಂದು ದೋಣಿಯನ್ನು ಎಳೆದರು, ಅದು ಅವರ ಧರ್ಮ. ಇನ್ನೊಂದನ್ನು ಎಳೆದವರು ತಾವು. ತಮ್ಮನ್ನು ನಾನು ನಮ್ಮವರೆಂದು ತಿಳಿದಿದ್ದೆನಲ್ಲಾ ಸ್ವಾಮಿ, ಅದೇ ನನ್ನ ಹೊಟ್ಟೆಯುರಿ.

ತಾವು ಇಂದು ಯಾವ ಪದವಿಯಲ್ಲಿದ್ದೀರೋ ಅದು ತಮಗೆ ನನ್ನಿಂದಲೇ ಬಂದದ್ದೆಂದು ನೆನಪಿಸುವುದು ಅವಿನಯವಾಗಲಾರದು. ನನಗೆ ಮೆಕ್ಯಾನಿಕಲ್ ಸೀಟು ಸಿಕ್ಕಿದೆ ಎಂದು ಸುದ್ದಿ ಬಂದ ದಿನ ಅಜ್ಜಿಗೆ ಮೆಕ್ಯಾನಿಕಲ್ ಎಂದರೇನೆಂದು ತಿಳಿಯಲಿಲ್ಲ, ಸೀಟು ಎಂದರೆ ಬಸ್ಸಿನಲ್ಲಿ ಕೂರುವುದೆಂದು ಮಾತ್ರ ತಿಳಿದಿತ್ತು. ಆದರೂ ಮೊಮ್ಮಗನಿಗೆ ಏನೋ ಒಂದು ದೊಡ್ಡದು ಸಿಕ್ಕಿತೆಂದು ಮಂದೆಯಲ್ಲಿ ಎಲ್ಲಕ್ಕಿಂತ ಪುಂಡ ಮರಿಯೊಂದನ್ನು ಹಿಡಿದು ತಂದು, ನಮ್ಮ ಜುಂಜಪ್ಪ ದೇವರ ಹೆಸರಿಗೆ ಮೀಸಲು ಬಿಟ್ಟಳು. ಆ ಪುಂಡರೇ ತಾವು. ಅಂದಿನಿಂದ ತಮ್ಮನ್ನು ಯಾರೂ ಹೊಡೆಯುವಂತಿಲ್ಲ, ಮಾರುವಂತಿಲ್ಲ, ಕತ್ತರಿ ಮುಟ್ಟಿಸುವಂತಿಲ್ಲ, ಕಿವಿ ಹಿಡಿದು ಎಳೆಯುವಂತಿಲ್ಲ. ತಾವು ಯಾರ ಹೊಲಕ್ಕೆ ನುಗ್ಗಿದರೂ ಹೊಲದವರು ಕೈಮುಗಿಯಬೇಕು. ಒಂದೇ ವಾರದಲ್ಲಿ ತಮ್ಮನ್ನು ದೇವರಿಗೆ ಬಿಟ್ಟರು, ನನ್ನನ್ನು ಕಾಲೇಜಿಗೆ ಬಿಟ್ಟರು. ತಮಗೆ ಸ್ವಾತಂತ್ರ್ಯ ಬಂತು, ನನಗೆ ಇಂಜಿನಿಯರಿಂಗ್ ಡ್ರಾಯಿಂಗ್ ಬಂತು.

ಕಾಲೇಜಿನ ಕಷ್ಟವನ್ನು ತಮಗೆ ಹೇಗೆ ವಿವರಿಸಲಿ? ಅಲ್ಲಿ ಗೋವಿಂದಯ್ಯನವರೆಂಬ ಡ್ರಾಯಿಂಗ್ ಮೇಷ್ಟ್ರಿದ್ದಾರೆ. ಗೆರೆ ದಪ್ಪವಾದರೆ ಅವರಿಗೆ ಹೊಟ್ಟೆನೋವು ಬರುತ್ತದೆ, ತೆಳ್ಳಗಾದರೆ ತಲೆನೋವು ಬರುತ್ತದೆ, ಗೆರೆಯನ್ನು ಉಜ್ಜಿ ಅಳಿಸಿದ ಗುರುತು ಕಂಡರೆ ಮಾತೇ ನಿಂತುಹೋಗುತ್ತದೆ. ನನ್ನ ಬಲಗೈ ಬೆರಳುಗಳು ಪೆನ್ಸಿಲ್ ಹಿಡಿದಿದ್ದರೂ ಎಡಗೈ ಬೆರಳುಗಳು ಟೀ-ಸ್ಕ್ವೇರೆಂಬ ಉದ್ದನೆಯ ಗೆರೆಪಟ್ಟಿಯ ಮೇಲೆ ಇಲ್ಲದ ರಂಧ್ರಗಳನ್ನು ಮುಚ್ಚಿ ತೆರೆದು ಮಾಡುತ್ತಿದ್ದುದನ್ನು ಕಂಡು, "ಏನಪ್ಪ ಮಾರಪ್ಪ, ಕೈ ಇಲ್ಲೈತೆ, ಜೀವ ಎಲ್ಲೈತೆ?" ಎಂದು ಅವರು ಕೇಳದ ದಿನವಿಲ್ಲ. ಜೀವ ಎಲ್ಲಿತ್ತೆಂದು ಅವರಿಗೆ ಹೇಳುವಂತಿರಲಿಲ್ಲ. ಅದು ನನ್ನ ಹಾಸಿಗೆ ಸುರುಳಿಯೊಳಗೆ ಕಂಬಳಿ ಸುತ್ತಿಕೊಂಡು ಮಲಗಿತ್ತು.

ಗಣೆಯ ಬಗ್ಗೆ ತಮಗೆ ಹೇಳಬೇಕಾದ್ದಿಲ್ಲ, ಆದರೆ ಬಹಿರಂಗ ಪತ್ರವಾದ್ದರಿಂದ ಇತರರಿಗಾಗಿ ಹೇಳುತ್ತೇನೆ. ಅದು ನಮ್ಮ ಗೊಲ್ಲರ ಬಿದಿರು ವಾದ್ಯ. ಕೊಳಲಿನ ಜಾತಿಯದೇ ಆದರೂ ಕೊಳಲನ್ನು ಎತ್ತಿಕೊಂಡು ಆಡಿಸುವಷ್ಟು ಉದ್ದ. ಓರೆಯಾಗಿ ಹಿಡಿದು ಕೈ ಚಾಚಿದರೆ ಬೆರಳು ಕೊನೆಯ ರಂಧ್ರಕ್ಕೆ ಸಿಕ್ಕಿತೋ ಇಲ್ಲವೋ ಎನ್ನುವಂತಿರುತ್ತದೆ, ಊದುವವನ ಉಸಿರು ಹೊಕ್ಕುಳಿನಿಂದ ಬರಬೇಕು. ನಮ್ಮ ತಾತ ಅದರಲ್ಲಿ ಜುಂಜಪ್ಪನ ಪದವನ್ನು ಸಂಜೆ ಹಿಡಿದರೆ ಬೆಳಕು ಹರಿಯುವವರೆಗೆ ಊದುತ್ತಿದ್ದ. ಸಾಯುವ ಮುಂಚೆ ಹಟ್ಟಿಯಲ್ಲಿ ಅವನು ಕಲಿಸಿದ್ದು ನನ್ನೊಬ್ಬನಿಗೆ. ನಾನು ಬಿಟ್ಟರೆ ಆ ಪದ ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಹಾಗೆ ತಿಳಿದು ಸ್ವಲ್ಪ ಜಂಬವನ್ನೂ ಪಟ್ಟಿದ್ದೆ.

ಹಾಸ್ಟೆಲಿನಲ್ಲಿ ಊದಿದರೆ ವಾರ್ಡನ್ನು ಬಾಗಿಲು ಬಡಿಯುತ್ತಿದ್ದರು. ಕಡೆಗೆ ನನಗೆ ಆಸರೆ ಕೊಟ್ಟದ್ದು ಬಾಯ್ಲರ್ ಲ್ಯಾಬು, ಏಕೆಂದರೆ ಅಲ್ಲಿನ ಬಾಯ್ಲರು ಕಾಲೇಜು ಶುರುವಾದಾಗಿನಿಂದ ಕೆಟ್ಟು ನಿಂತಿತ್ತು ಮತ್ತು ಅದನ್ನು ನೋಡಿ ನಾಚಿಕೆಪಡಲು ಯಾರೂ ಆ ಕಡೆ ಬರುತ್ತಿರಲಿಲ್ಲ. ನನ್ನ ರೂಮಿನವನು, ಹಿರಿಯೂರಿನಲ್ಲಿ ತಗಡಿನ ಟ್ರಂಕು ಮಾಡುವವರ ಮಗ ಮಹಮ್ಮದ್ ಗೌಸ್, ಬಾಯ್ಲರಿನ ಹೊಟ್ಟೆಯ ಮೇಲೆ ಬೆರಳಾಡಿಸಿ ತಾಳ ಹಾಕುತ್ತಿದ್ದ. ಆ ಬಾಯ್ಲರಿನಿಂದ ವಿದ್ಯಾರ್ಥಿಗಳಿಗೆ ಆದ ಉಪಕಾರ ಅದೊಂದೇ. ಗೌಸ್ ಮಧ್ಯೆ ಮಧ್ಯೆ ಥರ್ಮೊಡೈನಮಿಕ್ಸ್ ಪ್ರಶ್ನೆ ಕೇಳುತ್ತಿದ್ದ, ನಾನು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಉತ್ತರ ಹೇಳುತ್ತಿದ್ದೆ. ಹೀಗೆ ಎರಡೂ ನಡೆಯುತ್ತಿತ್ತು ಮಾನ್ಯರೇ. ಕುಂಟುತ್ತಲೇ ಆದರೂ ನಡೆಯುತ್ತಿತ್ತು.

ಅಷ್ಟರಲ್ಲಿ ತಮ್ಮ ಸವಾರಿ ಚಿತ್ತೈಸಿತು. ಕಾಲೇಜಿನ ಕಾಂಪೌಂಡಿಗೆ ಅಂಟಿದ ಹೊಲ ಕೊಟ್ರಮ್ಮ ಎಂಬ ಹೆಂಗಸಿನದು. ಸುಗ್ಗಿ ಮುಗಿದ ಮೇಲೆ ಹೊಲಕ್ಕೆ ಗೊಬ್ಬರವಾಗಲೆಂದು ಮಂದೆ ನಿಲ್ಲಿಸಲು ಆಕೆ ನಮ್ಮ ಅಪ್ಪ ಪಾಲಣ್ಣನಿಗೆ ಹೇಳಿಕಳಿಸಿದ್ದಳು. ಕುರಿ ಅಲ್ಲಿ ತಂಗಬೇಕು, ಹಿಕ್ಕೆ ಅಲ್ಲಿ ಬೀಳಬೇಕು, ಪ್ರತಿಯಾಗಿ ಆಕೆ ಕಾಳು ಕೊಡಬೇಕು, ಇದು ಲೋಕರೂಢಿ. ಬೆಳಿಗ್ಗೆ ಎದ್ದು ಹಾಸ್ಟೆಲಿನ ಕಿಟಕಿ ತೆರೆದರೆ ಅಪ್ಪ ಕಂಬಳಿ ಹೊದ್ದು ನಿಂತಿದ್ದಾನೆ, ಪಕ್ಕದಲ್ಲಿ ತಾವು! ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಪ್ಪ ಬೇಲಿಯಾಚೆಯಿಂದಲೇ ಕೂಗಿ ಹೇಳಿದ: "ಲೇ ಮಾರ, ಇಲ್ಲಿದ್ದಷ್ಟು ದಿನ ಮಂದೆ ಕರಿಯೋ ಊದು ಊದಬ್ಯಾಡ, ಅವೆಲ್ಲ ನಿನ್ನ ಕಾಲೇಜಿಗೇ ನುಗ್ತಾವೆ."

ಅಪ್ಪನ ಮಾತನ್ನು ನಾನು ಅಕ್ಷರಶಃ ಪಾಲಿಸಿದೆನೆಂಬುದಕ್ಕೆ ತಾವೇ ಸಾಕ್ಷಿ. ಸಂಜೆ ಹೊತ್ತು ಕುರಿಗಳನ್ನು ಒಟ್ಟುಗೂಡಿಸುವ ಆ ಊದನ್ನು ನಾನು ಬಾಯ್ಲರ್ ಲ್ಯಾಬಿನಲ್ಲಿ ಮನಸ್ಸಿನಲ್ಲಿಯೂ ನೆನೆಯಲಿಲ್ಲ. ಆ ದಿನಗಳಲ್ಲೇ ಕಾಲೇಜ್ ಡೇ ಬಂತು, ಗೌಸ್ ನನಗೆ ತಿಳಿಸದೆಯೇ ನನ್ನ ಹೆಸರು ಕೊಟ್ಟಿದ್ದ, ಮತ್ತು ನಾನು ಎಚ್ಚರಿಕೆಯ ಮೇಲೆ ಎಚ್ಚರಿಕೆ ವಹಿಸಿ ಕುರಿಗಳಿಗೆ ಯಾವ ಸಂಬಂಧವೂ ಇಲ್ಲದ, ಶುದ್ಧ ದೈವಿಕವಾದ ಜುಂಜಪ್ಪನ ಪದವನ್ನೇ ಆರಿಸಿಕೊಂಡೆ. ಬುದ್ಧಿವಂತಿಕೆಯೆಂದರೆ ಇದು! ಹಟ್ಟಿಯಲ್ಲಿ ಆ ಪದ ಹಿಡಿದಾಗಲೆಲ್ಲ ಅಜ್ಜಿ ಮೀಸಲು ಟಗರನ್ನು ಕರೆತಂದು ಊದುವವನ ಎದುರು ನಿಲ್ಲಿಸುತ್ತಾಳೆಂಬುದನ್ನೂ, ಪದ ಮುಗಿದ ಮೇಲೆ ಬೆಲ್ಲ ಅಕ್ಕಿ ತಿನ್ನಿಸುತ್ತಾಳೆಂಬುದನ್ನೂ, ಈ ಮರ್ಯಾದೆಯನ್ನು ತಾವು ಮರಿಯಾಗಿದ್ದಾಗಿನಿಂದ ತಪ್ಪದೆ ಸ್ವೀಕರಿಸುತ್ತ ಬಂದಿದ್ದೀರೆಂಬುದನ್ನೂ ಮರೆತೇಬಿಟ್ಟೆ. ಕುರಿಗಳನ್ನು ಕರೆಯಬಾರದೆಂದು ಕುರಿಗಳ ದೊರೆಯನ್ನೇ ಕರೆದೆ. ಗೊಲ್ಲನಲ್ಲದೆ ಬೇರೆ ಯಾರಿಗೂ ಇಂಥ ತಪ್ಪು ಮಾಡಲು ಸಾಧ್ಯವಿಲ್ಲ.

ಸಮಾರಂಭ ನಡೆದದ್ದು ಡ್ರಾಯಿಂಗ್ ಹಾಲಿನಲ್ಲಿ. ಗೋಡೆಗಳ ಮೇಲೆಲ್ಲ ವಿದ್ಯಾರ್ಥಿಗಳು ವರ್ಷವಿಡೀ ಬರೆದ ಶೀಟುಗಳ ಪ್ರದರ್ಶನವಿತ್ತು. ಆ ಶೀಟುಗಳಿಗೆ ಗೋವಿಂದಯ್ಯನವರ ಸಹಿ ಬಿದ್ದರೆ ಮಾತ್ರ ಸೋಮವಾರದ ಯೂನಿವರ್ಸಿಟಿ ಪರೀಕ್ಷೆಗೆ ಕೂರಬಹುದಿತ್ತು. ನನ್ನದು ಸ್ಕ್ರೂ ಜ್ಯಾಕು, ಅಂದರೆ ಲಾರಿಯ ಗಾಲಿ ಬಿಚ್ಚುವಾಗ ಲಾರಿಯನ್ನು ಎತ್ತಿ ಹಿಡಿಯುವ ಸಾಧನ, ಅದನ್ನು ನಟ್ಟನಡುವೆ ಸೀಳಿ ತೋರಿಸಿದ ಚಿತ್ರ. ನನ್ನ ಜನ್ಮದಲ್ಲಿ ಅಷ್ಟು ಚೆಂದದ ಗೆರೆ ಎಳೆದಿರಲಿಲ್ಲ, ಗೋವಿಂದಯ್ಯನವರು ಅದನ್ನು ನೋಡಿ, "ಇದು ನೀನೇ ಬರ್ದಿದ್ದಾ?" ಎಂದು ಅನುಮಾನಪಟ್ಟು ವೇದಿಕೆಯ ಹಿಂದಿನ ಹಲಗೆಗೇ ಹಾಕಿಸಿದ್ದರು. ಎಲ್ಲರ ಶೀಟಿಗೂ ಪಿನ್ನು ಸಿಕ್ಕಿತು, ನನ್ನ ಸರದಿಗೆ ಮುಗಿದಿತ್ತು. ದುರ್ಗದ ಗಾಳಿಯನ್ನು ನಂಬುವಂತಿಲ್ಲವೆಂದು ನಾನು ಅಜ್ಜಿ ಕಟ್ಟಿಕೊಟ್ಟಿದ್ದ ರಾಗಿಹಿಟ್ಟನ್ನು ಗಂಜಿ ಕಾಸಿ, ಶೀಟಿನ ಬೆನ್ನಿಗೆಲ್ಲ ಬಳಿದು, ಅಲ್ಲಾಡದಂತೆ ಅಂಟಿಸಿದೆ. ಹೊಳಲ್ಕೆರೆಯಿಂದ ಬಂದ ಮುಖ್ಯ ಅತಿಥಿಗಳು, ನಿವೃತ್ತ ಇಂಜಿನಿಯರರು, ಮೂಗನ್ನು ಹತ್ತಿರ ತಂದು ನೋಡಿ ಏನೋ ಒಳ್ಳೆಯ ವಾಸನೆ ಬರುತ್ತಿದೆ ಎಂದರು.

ನಾನು ಗಣೆ ಎತ್ತಿ ಊದಲು ತೊಡಗಿದಾಗ ಹುಡುಗರು ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಆ ದಿನ ಏನಾಗಿತ್ತೋ ಕಾಣೆ, ಉಸಿರು ತಾನಾಗಿಯೇ ಬರುತ್ತಿತ್ತು, ಬೆರಳು ಕೇಳುವ ಮೊದಲೇ ಹೋಗುತ್ತಿತ್ತು, ತಾತ ಹತ್ತಿರವೆಲ್ಲೋ ಕುಂತಿದ್ದಾನೆ ಎನ್ನಿಸುತ್ತಿತ್ತು. ಅಷ್ಟರಲ್ಲಿ ಗಂಟೆಯ ಸದ್ದು. ತಾವು ಹಾಲಿನ ಬಾಗಿಲಲ್ಲಿ ಕಾಣಿಸಿಕೊಂಡು, ಎಡಕ್ಕೂ ಬಲಕ್ಕೂ ನೋಡದೆ, ಯಾರೋ ಹಾಸಿದ್ದ ಜಮಖಾನದ ನಡುವೆ ನಡೆದು, ಮುಖ್ಯ ಅತಿಥಿಗಳ ಕುರ್ಚಿಯನ್ನು ಸುತ್ತಿ, ನನ್ನೆದುರು ನಿಂತಿರಿ. ತಮ್ಮ ಹಿಂದೆ ತಮ್ಮ ಸಮಸ್ತ ಪ್ರಜೆಗಳು ಬಂದರು. ಎರಡನೇ ವರ್ಷದ ಸಿವಿಲ್‌ನವರು ಬೆಂಚು ಹತ್ತಿದರು. ಮಹಿಳಾ ಗಣ್ಯರು ಸೆರಗು ಎತ್ತಿಕೊಂಡರು. ಗೌಸ್ ಮಾತ್ರ ತಾಳ ಬಿಡದೆ, "ಅರೆ ಭಾಯ್, ಪಬ್ಲಿಕ್ ಬರ್ತಾ ಐತೆ, ನಿಲ್ಲಿಸಬ್ಯಾಡ!" ಎಂದು ಕೂಗಿದ. ಕೋಣನ ಮುಂದೆ ಕಿನ್ನರಿ ಬಾರಿಸಬಾರದು ಎನ್ನುತ್ತಾರೆ. ಟಗರಿನ ಮುಂದೆ ಗಣೆ ಊದಬಾರದೆಂದು ಯಾವ ಹಿರಿಯರೂ ಹೇಳಿರಲಿಲ್ಲ.

ನಾನು ನಿಲ್ಲಿಸಬಹುದಿತ್ತು. ಪದವನ್ನು ನಡುವೆ ಕಡಿಯಬಾರದು ಎಂಬುದು ನಮ್ಮಲ್ಲಿ ಕಟ್ಟಳೆ ನಿಜ, ಆದರೆ ನಿಲ್ಲಿಸದಿದ್ದದ್ದು ಕಟ್ಟಳೆಗಾಗಿ ಅಲ್ಲ. ನನಗೆ ನಿಲ್ಲಿಸಲು ಮನಸ್ಸಾಗಲಿಲ್ಲ. ಅಷ್ಟು ಚೆನ್ನಾಗಿ ಮತ್ತೆ ಊದುತ್ತೇನೋ ಇಲ್ಲವೋ. ತಾವು ನನ್ನನ್ನು ದಾಟಿ ಹಿಂದಕ್ಕೆ ಹೋದದ್ದನ್ನೂ ಕಂಡೆ, ಕಾಗದ ಹರಿಯುವ ಸದ್ದನ್ನೂ ಕೇಳಿದೆ, ಆದರೂ ಕಣ್ಣು ಮುಚ್ಚಿಕೊಂಡೆ.

ಕಣ್ಣು ತೆರೆದಾಗ ತಾವು ಸ್ಕ್ರೂ ಜ್ಯಾಕನ್ನು ಮುಗಿಸಿದ್ದಿರಿ. ಎಂಥ ಒಪ್ಪ, ಎಂಥ ವಿವೇಚನೆ! ಎಲ್ಲರ ಶೀಟುಗಳನ್ನೂ ಬಿಟ್ಟು, ರಾಗಿಯ ಕಂಪನ್ನು ಗುರುತಿಸಿ, ಮೇಲಿನ ಹಿಡಿಕೆಯಿಂದ ತೊಡಗಿ ತಿರುಪಿನ ಸುತ್ತು ಸುತ್ತನ್ನೂ ಸವಿದು, ಅಡಿಯ ಪೀಠವನ್ನೂ ಅಗಿದು, ಬಲಗಡೆ ಮೂಲೆಯಲ್ಲಿ ನನ್ನ ಹೆಸರು, ರೋಲ್ ನಂಬರು ಬರೆದ ಚೌಕವನ್ನು ಮಾತ್ರ ಗುರುತಿಗೆಂದು ಉಳಿಸಿದ್ದಿರಿ. ಗೋವಿಂದಯ್ಯನವರೂ ಶೀಟನ್ನು ಅಷ್ಟು ಆಮೂಲಾಗ್ರವಾಗಿ ಪರಿಶೀಲಿಸಿದ್ದನ್ನು ನಾನು ಕಂಡಿಲ್ಲ. ಅವರು ಆ ಮೂಲೆಯನ್ನು ಬಗ್ಗಿ ಓದಿ, "ಅಕ್ಷರ ದುಂಡಗೆ ಬಂದಾವೆ, ಆದ್ರೆ ಇಷ್ಟಕ್ಕೇ ಸಹಿ ಹಾಕಕ್ಕಾಗಲ್ಲಪ್ಪ" ಎಂದರು. ಅದೇ ಗಳಿಗೆಯಲ್ಲಿ ಪ್ರಿನ್ಸಿಪಾಲರು ವೇದಿಕೆ ಹತ್ತಿ ಬಂದು ಊದುತ್ತಿದ್ದ ಗಣೆಯನ್ನು ನನ್ನ ತುಟಿಯಿಂದಲೇ ಕಿತ್ತುಕೊಂಡು, ತಮ್ಮ ಕೋಣೆಯ ಬೀರುವಿನಲ್ಲಿಟ್ಟು ಬೀಗ ಜಡಿದರು. ಇಂಜಿನಿಯರ್ ಆಗುವುದಾದರೆ ಇದನ್ನು ಮರೆ, ಇದು ಬೇಕಾದರೆ ಟೀಸಿ ತೆಗೆದುಕೊಂಡು ಹೋಗು ಎಂಬುದು ಅವರ ತೀರ್ಪು. ಹೊಸ ಶೀಟು ಬರೆದು ಸೋಮವಾರದೊಳಗೆ ಸಹಿ ಹಾಕಿಸದಿದ್ದರೆ ಪರೀಕ್ಷೆಯೂ ಇಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ತಮಗೆ ಪತ್ರ ಬರೆಯುತ್ತಿರಲಿಲ್ಲ. ಆದರೆ ಪದ ನಡುವೆ ನಿಂತಿತ್ತು, ತಮ್ಮ ಬೆಲ್ಲ ಅಕ್ಕಿ ಬಂದಿರಲಿಲ್ಲ, ಆದ್ದರಿಂದ ತಾವು ವೇದಿಕೆಯ ಮೇಲೆಯೇ ಮಲಗಿಬಿಟ್ಟಿರಿ. ಜವಾನರು ಬಂದರು, ಮುಟ್ಟುವಂತಿಲ್ಲ ಎಂದು ಅಪ್ಪ ಅಡ್ಡ ನಿಂತ. ಬೆಲ್ಲ ತಂದರು, ಪದ ಮುಗಿಯದೆ ತಾವು ಬೆಲ್ಲ ಮುಟ್ಟಲಿಲ್ಲ. ತಮ್ಮ ನಿಷ್ಠೆಗೆ ಕೈಮುಗಿಯುತ್ತೇನೆ, ಅಂಥ ನಿಷ್ಠೆ ನಮ್ಮ ಹಾಜರಾತಿ ಪುಸ್ತಕದಲ್ಲಿ ಯಾರ ಹೆಸರಿನ ಮುಂದೆಯೂ ಇಲ್ಲ. ತಾವು ಏಳದ್ದರಿಂದ, ಅಪ್ಪ ಹಾಲಿನಿಂದ ಹೊರಗಟ್ಟಿದ ಮಂದೆಯೂ ಕಾಲೇಜಿನ ಮೈದಾನ ಬಿಟ್ಟು ಕದಲಲಿಲ್ಲ. ಇದರಿಂದ ಎಲ್ಲರಿಗಿಂತ ಸಿಟ್ಟಾದವಳು ಕೊಟ್ರಮ್ಮ. "ನನ್ನ ಹೊಲಕ್ಕೆ ಬೀಳಬೇಕಾದ ಗೊಬ್ರ ನಿಮ್ಮ ಕಾಲೇಜಿಗೆ ಬೀಳ್ತಾ ಐತೆ, ನಿಮ್ಗೇನು ಇಲ್ಲಿ ರಾಗಿ ಬಿತ್ತೋದೈತಾ? ಕೊಡ್ರಿ ನನ್ನ ಹಿಕ್ಕೆ!" ಎಂದು ಪ್ರಿನ್ಸಿಪಾಲರ ಕೋಣೆಯ ಮುಂದೆ ಕುಕ್ಕೆ ಇಟ್ಟುಕೊಂಡು ಕುಂತಳು. ಪ್ರಿನ್ಸಿಪಾಲರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಆಕೆ ಕುಕ್ಕೆಯನ್ನು ಇನ್ನಷ್ಟು ಹತ್ತಿರ ಸರಿಸಿದಳು.

ನನ್ನ ಕಡೆಯವರಾದರೂ ನನಗಾಗಿ ಮರುಗಿದರೇ? ಅದೂ ಇಲ್ಲ. "ದೇವ್ರ ಟಗರು ತಿಂದೈತೆ ಅಂದ್ರೆ ದೇವ್ರಿಗೆ ಸಲ್ತು ಅಂತ ತಿಳ್ಕ" ಎಂದು ಅಪ್ಪ ಸಮಾಧಾನ ಹೇಳಿದ. ಸುದ್ದಿ ಕೇಳಿ ಬಸ್ಸು ಹತ್ತಿ ಬಂದ ಅಜ್ಜಿಗೆ ಆನಂದಬಾಷ್ಪ. ಉಳಿದ ಶೀಟುಗಳನ್ನೂ ಗಂಜಿ ಹಚ್ಚಿ ತಮಗೆ ನೈವೇದ್ಯ ಮಾಡಬೇಕೆಂದು ಆಕೆಯ ಆಸೆ. ಅವಳ ಕೈಯಿಂದ ಶೀಟುಗಳನ್ನು ಕಾಪಾಡಿಕೊಂಡು, ಬೇರೆ ಮೇಜು ಇಲ್ಲದ ಕಾರಣ ಅದೇ ಹಾಲಿನಲ್ಲಿ, ತಮ್ಮ ಕಣ್ಣೆದುರಿಗೇ, ನಾನು ಎರಡನೆಯ ಸ್ಕ್ರೂ ಜ್ಯಾಕ್ ಬರೆದೆ. ನಾನು ಗೆರೆ ಎಳೆದಂತೆಲ್ಲ ತಾವು ನಾಲಿಗೆ ಸವರಿಕೊಳ್ಳುತ್ತಿದ್ದಿರಿ. ಗೌಸ್ ತಮ್ಮನ್ನು ಮುಟ್ಟದೆ ತಡೆಯಲು ಎರಡು ದಿನ ಟೀ-ಸ್ಕ್ವೇರ್ ಹಿಡಿದು ಗಡಿ ಕಾಯ್ದ. ಭಾನುವಾರ ಸಂಜೆ ಗೋವಿಂದಯ್ಯನವರು ಬಂದು, ಮೂಗು ಮುಚ್ಚಿಕೊಂಡೇ ನೋಡಿ, "ಹಳೇದೇ ಚೆನ್ನಾಗಿತ್ತು" ಎಂದು ಸಹಿ ಹಾಕಿದರು. ಹಳೆಯದು ಎಲ್ಲಿದೆಯೆಂದು ನಾವು ಮೂವರೂ ತಮ್ಮ ಹೊಟ್ಟೆಯ ಕಡೆ ನೋಡಿದೆವು.

ಸೋಮವಾರ ಬೆಳಿಗ್ಗೆ ಪ್ರಶ್ನೆಪತ್ರಿಕೆಯ ಕಟ್ಟು ಬಂತು, ಹುಡುಗರು ಬಂದರು, ತಾವು ಮಾತ್ರ ಏಳಲಿಲ್ಲ. ಪರೀಕ್ಷೆ ನಡೆಯಬೇಕಾದದ್ದು ಅದೇ ಹಾಲಿನಲ್ಲಿ. ಪ್ರಿನ್ಸಿಪಾಲರು ಬೀರುವಿನ ಬೀಗ ತೆಗೆದು, ಹಾವು ಹಿಡಿದವರಂತೆ ಗಣೆಯನ್ನು ತೋಳಿನಳತೆ ದೂರ ಹಿಡಿದು ತಂದು, ನನ್ನ ಕೈಗೆ ಕೊಟ್ಟರು. "ಊದಪ್ಪಾ, ಅದೇನಿದೆಯೋ ಊದಿ ಇದನ್ನ ಕರ್ಕೊಂಡು ಹೋಗಪ್ಪಾ" ಎಂದರು. ಇಂಜಿನಿಯರ್ ಆಗಬೇಕಾದರೆ ಇದನ್ನು ಮರೆ ಎಂದವರೇ ಹಾಗೆ ಕೇಳಿದಾಗ ನನಗೆ ಆದ ಹಿಗ್ಗನ್ನು ಮುಚ್ಚಿಡಲಾರೆ. ಕಡಿದಲ್ಲಿಂದ ಪದ ಹಿಡಿದೆ. ತಾವು ಎದ್ದಿರಿ, ಮೈ ಕೊಡವಿದಿರಿ, ನಡೆದಿರಿ. ಮಂದೆ ಎದ್ದಿತು. ನಾನು ಮುಂದೆ, ತಾವು ಹಿಂದೆ, ಕಾಲೇಜಿನ ಗೇಟು ದಾಟಿ ತುರುವನೂರು ರಸ್ತೆಗೆ ಬಿದ್ದೆವು.

ಗೇಟು ದಾಟಿದ ಮೇಲೆ ನನಗೆ ಬುದ್ಧಿ ಬಂತು. ಪದ ಮುಗಿಯಲು ರಾತ್ರಿಯಿಡೀ ಬೇಕು. ನಿಲ್ಲಿಸಿದರೆ ತಾವು ತಿರುಗಿ ಹಾಲಿಗೇ ಹೋಗುತ್ತೀರಿ. ಒಮ್ಮೆ ಉಸಿರು ತಪ್ಪಿ ನಿಲ್ಲಿಸಿದ್ದಕ್ಕೇ ತಮ್ಮ ಮುಖ ದುರ್ಗದ ಕಡೆ ತಿರುಗಿತ್ತು. ನಡೆಯುತ್ತ ಹೋದರೆ ಪರೀಕ್ಷೆ ತಪ್ಪುತ್ತದೆ, ಅರ್ಧ ಗಂಟೆ ಮೀರಿದವರನ್ನು ಒಳಗೆ ಬಿಡುವುದಿಲ್ಲ, ಒಂದು ವರ್ಷ ಹೋಗುತ್ತದೆ. ಹಿಂದೆ ಕಾಲೇಜಿನ ಗಂಟೆ ಹೊಡೆಯಿತು. ಊದುತ್ತಲೇ ಇದ್ದೆ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮಂದೆಯ ಪಕ್ಕದಲ್ಲಿ ಬರುತ್ತಿದ್ದ ಅಪ್ಪ ನನ್ನ ಮುಖ ನೋಡಿದ. "ತಾ ಇಲ್ಲಿ" ಎಂದು ಗಣೆಗೆ ಕೈ ಹಾಕಿದ. ಅವನು ಗಣೆ ಮುಟ್ಟಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ತಾತ ಅವನಿಗೆ ಬೆರಳು ಕುದುರಲಿಲ್ಲವೆಂದು ಬೈದು ಎಬ್ಬಿಸಿದ್ದನಂತೆ. "ನೀನು ಓಡು. ಓಡ್ಲೇ!" ಎಂದು ಗದರಿಸಿ ಬಾಯಿಗೆ ಹಚ್ಚಿಕೊಂಡ.

ಅಯ್ಯೋ, ಆ ಊದು! ಮೊದಲ ತಿರುವಿನಲ್ಲೇ ಒಡೆಯಿತು. ಎಳೆಯಬೇಕಾದಲ್ಲಿ ಕಡಿದ, ಏರಬೇಕಾದಲ್ಲಿ ಜಾರಿದ, ಉಸಿರು ಅರ್ಧ ಹೊರಗೇ ಹೋಗುತ್ತಿತ್ತು. ಅದನ್ನು ಕೇಳಿ ತಾವು ನಿಂತಿರಿ. ನಾನೂ ಓಡದೆ ನಿಂತೆ. ತಾವು ಕಿವಿ ಆಡಿಸಿದಿರಿ, ಒಮ್ಮೆ ಸೀನಿದಿರಿ, ಆಮೇಲೆ ಏನೂ ಆಗದವರಂತೆ ಅಪ್ಪನ ಹಿಂದೆ ನಡೆದುಬಿಟ್ಟಿರಿ! ನಾನು ಓಡಿದೆ. ಹಾಲಿನ ಬಾಗಿಲು ಮುಚ್ಚುವ ಮೊದಲು ಒಳಗೆ ಬಿದ್ದೆ. ಗೋವಿಂದಯ್ಯನವರು ಪ್ರಶ್ನೆಪತ್ರಿಕೆ ಕೊಟ್ಟರು. ಕಿಟಕಿಯ ಆಚೆ, ದೂರ ದೂರವಾಗುತ್ತ, ಅಪ್ಪನ ತಪ್ಪುಗಳು ಒಂದೊಂದಾಗಿ ಕೇಳಿಬರುತ್ತಿದ್ದವು, ನಾನು ಪ್ರತಿಯೊಂದನ್ನೂ ಮನಸ್ಸಿನಲ್ಲೇ ತಿದ್ದುತ್ತ ಗೆರೆ ಎಳೆಯುತ್ತಿದ್ದೆ. ಗೆರೆಗಳು ಮಾತ್ರ ನೇರವಾಗಿ ಬಂದವು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಪರೀಕ್ಷೆ ಮುಗಿಸಿ ಈ ರಜೆಗೆ ಹಟ್ಟಿಗೆ ಬಂದೆ. ಬರೆದದ್ದೆಲ್ಲ ಸರಿಯಿದೆ, ಪಾಸಾಗುತ್ತೇನೆ, ಆ ಚಿಂತೆಯಿಲ್ಲ. ಗಣೆಗೂ ಈಗ ಬೀಗವಿಲ್ಲ. ಎರಡು ದೋಣಿಯೂ ಸಿಕ್ಕಿತೆಂದು ಹಿಗ್ಗಿ, ತಾತ ಕಲಿಸಿದ ಹಾಗೆ, ಒಂದು ಬೆರಳೂ ತಪ್ಪದೆ, ತಮ್ಮೆದುರು ಕುಂತು ಜುಂಜಪ್ಪನ ಪದ ಊದಿದೆ. ತಾವು ತಲೆ ಎತ್ತಲಿಲ್ಲ. ಮತ್ತೆ ಊದಿದೆ. ತಾವು ಕಣ್ಣು ಮುಚ್ಚಿದಿರಿ. ಆಗ ಅಪ್ಪ ಬಂದು, ನನ್ನ ಕೈಯಿಂದ ಗಣೆ ತೆಗೆದುಕೊಂಡು, ಅದೇ ಕಡಿದ, ಜಾರಿದ, ಗಾಳಿ ಸೋರುವ ಪದವನ್ನು ಊದಿದ. ತಾವು ಧಡಕ್ಕನೆ ಎದ್ದು ನಿಂತಿರಿ, ಹಟ್ಟಿಯ ಕುರಿಯೆಲ್ಲ ಎದ್ದು ನಿಂತಿತು. ತುರುವನೂರಿನಿಂದ ಇಲ್ಲಿಯವರೆಗೆ ದಾರಿಯುದ್ದಕ್ಕೂ ಅವನು ದಿನವೂ ಊದಿದ್ದನಂತೆ. ನನ್ನ ಮುಖ ಸಪ್ಪಗಾದದ್ದು ಕಂಡು ಅಜ್ಜಿ ನನ್ನ ತಲೆ ಸವರಿ, "ನಿಂದು ಭಾಳ ಚೆಂದಾಗೈತೆ ಕಣ್ ಮಗ, ರೇಡಿಯೋದಾಗೆ ಬಂದಂಗೈತೆ" ಎಂದಳು. ಅವಳು ಹೊಗಳಿದ್ದೇ, ಮಾನ್ಯರೇ. ನನಗೆ ಅಂದು ಮುದ್ದೆ ಇಳಿಯಲಿಲ್ಲ.

ಆದಕಾರಣ ತಮ್ಮಲ್ಲಿ ನನ್ನ ಕೋರಿಕೆಗಳು ಇವು. ತಿಂದ ಸ್ಕ್ರೂ ಜ್ಯಾಕನ್ನು ಯಾವ ಅಳತೆಯಲ್ಲಿಯಾದರೂ ಸರಿ, ಮರಳಿಸಬೇಕು. ಅದು ಆಗದಿದ್ದರೆ ಬರುವ ವರ್ಷ ನನ್ನ ಪರವಾಗಿ ತಾವು ಥರ್ಮೊಡೈನಮಿಕ್ಸ್ ತರಗತಿಗೆ ಹಾಜರಾಗಬೇಕು, ಅಷ್ಟು ದಿನ ನಾನು ತಮ್ಮ ಪರವಾಗಿ ಮಂದೆಯ ಮುಂದೆ ನಡೆಯುತ್ತೇನೆ. ತರಗತಿಯಲ್ಲಿ ಮೆಲುಕು ಹಾಕುತ್ತ ಕೂರುವವರು ಈಗಾಗಲೇ ಅನೇಕರಿರುವುದರಿಂದ ತಮಗೆ ಅಲ್ಲಿ ಹೊಸದೆನ್ನಿಸದು. ಇದಾವುದೂ ಆಗದಿದ್ದರೆ ಇಷ್ಟಾದರೂ ಮಾಡಿ: ನಾನು ಊದುವಾಗ ಒಂದು ಸಲ, ಎರಡೂ ಬೇಡ, ಒಂದೇ ಒಂದು ಕಿವಿ ಎತ್ತಿ. ಗೌಸನ ಆಣೆ, ಆ ಬಾಯ್ಲರಿನ ಆಣೆ, ನಾನು ಬೇರೇನನ್ನೂ ಕೇಳುವುದಿಲ್ಲ.

ಯಾವ ಕಡೆಯಿಂದಲೂ ಮುಟ್ಟಲಾಗದ ತಮ್ಮ ಪಾದಗಳ ಧೂಳಿನಲ್ಲಿ,
ತಮ್ಮ ವಿಶ್ವಾಸಿಯಾಗಿ ಉಳಿಯಲು ಹೆಣಗುತ್ತಿರುವ,
ಪಿ. ಮಾರಪ್ಪ, ಮೆಕ್ಯಾನಿಕಲ್ ವಿಭಾಗ.

ತಾ.ಕ.: ತಮ್ಮ ಅಭಿರುಚಿಗೆ ತಲೆಬಾಗಿ ನಿನ್ನೆಯಿಂದ ಅಪ್ಪನ ಎದುರು ಕುಂತು ಆ ತಪ್ಪುಗಳನ್ನು ಕಲಿಯಲು ಹತ್ತಿದ್ದೇನೆ. ಒಡೆಯುವಲ್ಲಿ ಒಡೆಯುವುದಿಲ್ಲ, ಜಾರುವಲ್ಲಿ ಜಾರುವುದಿಲ್ಲ, ಎಷ್ಟು ತಿಣುಕಿದರೂ ಬೆರಳು ಸರಿಯಾದ ಜಾಗಕ್ಕೇ ಹೋಗುತ್ತದೆ. ಇಂದು ಬೆಳಿಗ್ಗೆ ಅಪ್ಪ ಬೇಸತ್ತು ಗಣೆ ಕಿತ್ತುಕೊಂಡು ಹೇಳಿದ: "ನಿಂಗೆ ಬರಾಕಿಲ್ಲ ಬಿಡ್ಲೇ ಮಾರ. ಹೋಗು, ಓದ್ಕ ಹೋಗು."